ಸಹಕಾಯಕದವನ ಪರೀಕ್ಷೆ ಮತ್ತು ಪರನಿಂದೆ

ಒಂದೇ ಕಾಯಕದಲ್ಲಿರುವ ಇಬ್ಬರಲ್ಲಿ ಒಬ್ಬನು ಮತ್ತೊಬ್ಬನ ಕೆಲಸದಲ್ಲಿ ದೋಷವನ್ನು ಕಂಡರೆ ಏನು ಮಾಡತಕ್ಕದ್ದು? ಸುಮ್ಮನಿದ್ದರೆ ಲೋಕಕ್ಕೆ ಕೇಡು, ಆಡಿದರೆ ಪರನಿಂದೆಯ ದೋಷ. ಈ ಸಂದೇಹವು ಸಜ್ಜನರಿಗೆ ಸಹಜವಾದುದು. ಕುಂಬಾರನ ಗಡಿಗೆ ಒಡೆದರೆ ಒಂದು ಮನೆಯ ನೀರು ಚೆಲ್ಲೀತು; ಎಂಜಿನಿಯರನ ಲೆಕ್ಕ ತಪ್ಪಿದರೆ ಒಂದು ಊರೇ ಮುಳುಗೀತು. ಆದುದರಿಂದ ಈ ಸಲದ ಪಾಠಕ್ಕೆ ಆ ಕಾಯಕವನ್ನೇ ಎತ್ತಿಕೊಂಡಿದ್ದೇವೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಎರೆಭೂಮಿ ಬಹಳ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವದು, ಬೇಸಗೆಯಲ್ಲಿ ಒಣಗಿ ಬಿರಿಯುವದು. ಪಾಯವು ಎರೆಯನ್ನು ದಾಟಿ ಗಟ್ಟಿನೆಲವನ್ನು ಮುಟ್ಟದಿದ್ದರೆ ಎರಡು ಮೂರು ವರ್ಷಗಳಲ್ಲಿ ಗೋಡೆ ಸೀಳುವದುಂಟು. ಆಗ ಯಜಮಾನನು ಇನ್ನೊಬ್ಬ ಎಂಜಿನಿಯರನನ್ನು ಕರೆತರುವನು. ಬಂದವನು ಬಿರುಕನ್ನು ನೋಡಿದೊಡನೆ, “ಇದನ್ನು ಕಟ್ಟಿಸಿದವನಿಗೆ ಕೆಲಸವೇ ಬಾರದು” ಎಂದುಬಿಟ್ಟರೆ ಅದು ಪರೀಕ್ಷೆಯಲ್ಲ. ಗುಂಡಿ ಎಷ್ಟು ಆಳ ತೆಗೆದಿದ್ದರು, ತಳದಲ್ಲಿ ಗರಸು ಸಿಕ್ಕಿತ್ತೇ, ಗೋಡೆಯ ಬುಡದಲ್ಲಿ ಬಚ್ಚಲ ನೀರು ಇಂಗುತ್ತಿದೆಯೇ, ಇವುಗಳನ್ನು ಅವನು ಇನ್ನೂ ಕೇಳಿಯೇ ಇಲ್ಲ. ಮೊದಲಿನವನು ಐದು ಅಡಿ ಎಂದು ಬರೆದುಕೊಟ್ಟಲ್ಲಿ ಯಜಮಾನನೇ ಹಣ ಉಳಿಸಲು ಮೂರಕ್ಕೆ ನಿಲ್ಲಿಸಿರಲೂಬಹುದು. ಕಾರಣವನ್ನು ಅರಿಯದೆ ಕರ್ತೃವಿನ ಮೇಲೆ ದೋಷವನ್ನಿಡುವದು ತರ್ಕಕ್ಕೂ ಒಪ್ಪದು, ಧರ್ಮಕ್ಕೂ ಒಪ್ಪದು.

ಅಮೇರಿಕೆಯ ಸಿವಿಲ್ ಎಂಜಿನಿಯರರ ಸಂಘವು 1914ರಲ್ಲಿ ತನ್ನವರಿಗೆ ಒಂದು ನೀತಿಸಂಹಿತೆಯನ್ನು ವಿಧಿಸಿತು. ಸುಳ್ಳಿನಿಂದಾಗಲಿ ಮತ್ಸರದಿಂದಾಗಲಿ ಇನ್ನೊಬ್ಬ ಎಂಜಿನಿಯರನ ಹೆಸರು ಕೆಡಿಸಬಾರದು. ಒಬ್ಬನು ಇನ್ನೂ ಒಬ್ಬ ಧನಿಯ ಕೆಲಸದಲ್ಲಿರುವಾಗ ಅವನ ಅರಿವಾಗಲಿ ಒಪ್ಪಿಗೆಯಾಗಲಿ ಇಲ್ಲದೆ ಅದೇ ಧನಿಗಾಗಿ ಅವನ ಕೆಲಸವನ್ನು ಪರೀಕ್ಷಿಸಬಾರದು ಎಂದು ಅದರಲ್ಲಿತ್ತು. ಇಲ್ಲಿ ಪೂರ್ವಪಕ್ಷದವರು, “ಇದು ವೃತ್ತಿಯವರು ತಮ್ಮ ತಮ್ಮವರನ್ನು ಕಾಯ್ದುಕೊಳ್ಳುವ ಉಪಾಯ” ಎನ್ನುವರು. ಆ ಮಾತು ಪೂರ್ಣ ಸುಳ್ಳಲ್ಲ. ಆದರೂ ಶಬ್ದಗಳನ್ನು ವಿಚಾರಿಸಿ ನೋಡಿರಿ: ನಿಷೇಧವಿರುವದು ಸುಳ್ಳಿಗೆ ಮತ್ತು ಮತ್ಸರಕ್ಕೆ, ನಿಜವಾದ ದೋಷವನ್ನು ತೋರಿಸುವದಕ್ಕೆ ಅಲ್ಲ. ಒಪ್ಪಿಗೆ ದೊರೆಯದಿದ್ದರೂ ಅವನಿಗೆ ತಿಳಿಸಿದ್ದರೆ ಸಾಕು. ಬೆನ್ನ ಹಿಂದಿನ ಪರೀಕ್ಷೆಯೊಂದೇ ವರ್ಜ್ಯವಾದುದು.

ಪರೀಕ್ಷೆಯನ್ನೇ ತಡೆದರೆ ಆಗುವದೇನೆಂಬುದಕ್ಕೆ ಕೆನಡಾ ದೇಶದ ಕ್ವಿಬೆಕ್ ಸೇತುವೆಯೇ ಸಾಕ್ಷಿ. ಥಿಯೊಡರ್ ಕೂಪರ್ ಎಂಬಾತನು ಆ ಕಾಲಕ್ಕೆ ಸೇತುವೆಗಳ ವಿಷಯದಲ್ಲಿ ಮಹಾಪ್ರಸಿದ್ಧನು. ನಡುವಿನ ಅಂತರವನ್ನು 1600 ಅಡಿಗಳಿಂದ 1800ಕ್ಕೆ ಏರಿಸಿದರು; ಆದರೆ ಉಕ್ಕಿನ ಸ್ವಂತ ಭಾರದ ಲೆಕ್ಕವನ್ನು ಸಕಾಲದಲ್ಲಿ ಹೊಸದಾಗಿ ಮಾಡಲಿಲ್ಲ. 1903ರಲ್ಲಿ ಸರಕಾರದ ಮುಖ್ಯ ಎಂಜಿನಿಯರನು ಇನ್ನೊಬ್ಬ ತಜ್ಞನಿಂದ ಪರೀಕ್ಷೆ ಮಾಡಿಸೋಣವೆಂದಾಗ ಕೂಪರನು ಅದನ್ನು ತನ್ನ ಮಾನಕ್ಕೆ ಕುಂದೆಂದು ಬಗೆದು ತಡೆದನು. 1907ರ ಆಗಸ್ಟಿನಲ್ಲಿ ಕೆಳಗಿನ ಉಕ್ಕಿನ ಅಂಗಗಳು ಬಾಗತೊಡಗಿದವು. ಸ್ಥಳದಲ್ಲಿದ್ದ ಮ್ಯಾಕ್‌ಲೂರ್ ಎಂಬ ತರುಣನು ಅದನ್ನು ಅಳೆದು ಬರೆದನು. ಕಂಪನಿಯವರು, “ಅವು ಮೊದಲೇ ಬಾಗಿದ್ದವು” ಎಂದು ವಾದಿಸಿದರು. ತರುಣನು ನ್ಯೂಯಾರ್ಕಿಗೆ ಹೋಗಿ ಹಿರಿಯನ ಎದುರಿಗೇ ನಿವೇದಿಸಿದನು. ಕೂಪರನಿಗೆ ಆಗ ಮನವರಿಕೆಯಾಯಿತು. ಭಾರ ಏರಿಸಬೇಡಿರೆಂದು ತಂತಿ ಕೊಟ್ಟನು. ಆ ತಂತಿಯು ಹೋದದ್ದು ಕಂಪನಿಯ ಕಚೇರಿಗೆ, ಸೇತುವೆಯ ಬಳಿಗಲ್ಲ. ಅದೇ ದಿನ, ಆಗಸ್ಟ್ 29ರ ಸಂಜೆ, ಸೇತುವೆಯು ನದಿಗೆ ಬಿದ್ದು 75 ಜನ ಕೆಲಸಗಾರರು ಸತ್ತರು. ತರುಣನ ನಡತೆಯಲ್ಲಿ ನಿಂದೆಯ ಲೇಶವೂ ಕಾಣದು. ಅಳೆದನು, ಬರೆದನು, ಎದುರಿಗೆ ಹೇಳಿದನು. ನಾಲ್ಕು ವರ್ಷ ಮೊದಲೇ ಇಂಥ ಪ್ರಶ್ನೆಗೆ ಬಾಗಿಲು ತೆರೆದಿದ್ದರೆ ಆ ಜೀವಗಳು ಉಳಿಯುವ ಸಂಭವವಿತ್ತು.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮ ನಾಡಿನಲ್ಲಿಯೇ ಉಂಟು. ತುಂಗಭದ್ರೆಯ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಒಂದು ಮಗ್ಗುಲಿಗೆ ಮದರಾಸ ಸರಕಾರ, ಇನ್ನೊಂದು ಮಗ್ಗುಲಿಗೆ ಹೈದರಾಬಾದ ಸಂಸ್ಥಾನ. ನಮ್ಮ ಸೀಮೆಯೂ ಆಗ ಆ ಸಂಸ್ಥಾನಕ್ಕೇ ಸೇರಿತ್ತು. ವಿನ್ಯಾಸದ ವಿಷಯದಲ್ಲಿ ಎರಡು ಕಡೆಯ ಎಂಜಿನಿಯರರಿಗೆ ಮತಭೇದ ಬಂದಿತು. ಆ ವಾದವನ್ನು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ತಜ್ಞಮಂಡಲಿಯ ಮುಂದಿಟ್ಟರು. ಅಲ್ಲಿ ಪ್ರಶ್ನೆಯಿದ್ದದ್ದು ಲೆಕ್ಕದ ಮೇಲೆ. ಅದೇ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿಯು 2024ರ ಆಗಸ್ಟ್ 10ರ ರಾತ್ರಿ ತುಂಡಾದಾಗ, ಸರಪಳಿಯನ್ನು ಕಡೆಯದಾಗಿ ಪರೀಕ್ಷಿಸಿದ್ದು ಎಂದು ಎಂದು ಕೇಳುವದಷ್ಟೇ ನ್ಯಾಯವಾದ ಪ್ರಶ್ನೆಯಾಗಿತ್ತು. ಎಂಜಿನಿಯರರೆಲ್ಲ ಕಳ್ಳರೆಂಬುದು ಕಟ್ಟೆಯ ಹರಟೆ.

ಶರಣರ ಕಥೆಗಳಲ್ಲಿ ಸೊನ್ನಲಿಗೆಯ ಪ್ರಸಂಗವು ನೆನಪಾಗುವದು. ಆ ಊರು ಈಗಿನ ಸೊಲ್ಲಾಪುರ, ನಮಗೆ ನೆರೆಯದು. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರನ್ನು ಅಲ್ಲಮಪ್ರಭುದೇವರು ಒಡ್ಡರಾಮನೆಂದು ಕರೆದರು. ಕಲ್ಲೆಸೆದವರು ಕೆಲಸದ ಒಡ್ಡರು. ಸಿದ್ಧರಾಮರಾದರೋ ಬಂದು ಎದುರು ನಿಂತು ವಾದಿಸಿ ಕಡೆಗೆ ಒಪ್ಪಿಕೊಂಡರು. ಪ್ರಭುದೇವರು ಕೇಳಿದ್ದು ಏರಿಯ ಗಟ್ಟಿತನವನ್ನಲ್ಲ, ಕಟ್ಟಿಸುವವರ ಮನಸ್ಸನ್ನು. ಆದರೂ ಪ್ರಶ್ನಿಸುವವರ ಮತ್ತು ಪ್ರಶ್ನೆಗೊಳಗಾಗುವವರ ರೀತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ತೋಚದು.

ಎದುರಿಗೆ ಹೇಳಿದರೂ ಕೇಳದಿದ್ದರೆ? ಅಪಾಯವು ಹಣದ್ದಷ್ಟೇ ಆದರೆ ಧನಿಗೆ ಬರೆದುಕೊಟ್ಟು ಸುಮ್ಮನಾಗಬಹುದು. ಜೀವಕ್ಕೆ ಅಪಾಯವಿದ್ದಲ್ಲಿ ಮೇಲಿನ ಅಧಿಕಾರಿಗೂ, ಆ ಸೂರಿನ ಕೆಳಗೆ ಮಲಗುವವರಿಗೂ ಹೇಳಲೇಬೇಕು. ಸಹೋದ್ಯೋಗಿಯ ಮಾನವು ಆ ಹೊತ್ತಿಗೆ ಎರಡನೆಯದು. ಆಗಲೂ ಹೇಳತಕ್ಕದ್ದು, “ಈ ತೊಲೆ ಇಷ್ಟು ಭಾರ ಹೊರಲಾರದು, ಕಾರಣ ಇದು” ಎಂದು.

ಇನ್ನು ಗೃಹಸ್ಥರ ಪಾಲಿನ ಕರ್ತವ್ಯ. ಎರಡನೆಯವನನ್ನು ಕರೆಯುವಾಗ ಮೊದಲಿನವನಿಗೆ ತಿಳಿಸಿಯೇ ಕರೆಯಿರಿ. ಅವನು ಕೊಟ್ಟ ನಕಾಶೆಯನ್ನೂ ಪಾಯದ ಅಳತೆಯನ್ನೂ ಬಂದವನ ಕೈಗೆ ಕೊಡಿರಿ. ಸಾಧ್ಯವಿದ್ದರೆ ಇಬ್ಬರನ್ನೂ ಒಂದೇ ದಿನ ಗೋಡೆಯ ಮುಂದೆ ನಿಲ್ಲಿಸಿರಿ. ಖರ್ಚಿಗೆ ಅಂಜಿ ನೀವೇ ಆಳವನ್ನು ಕಡಿಮೆ ಮಾಡಿಸಿದ್ದರೆ, ಅದನ್ನು ಮೊದಲು ಹೇಳಿರಿ.