ರಿಸೀವರ್‌ಗೆ ಎಷ್ಟು, ಸ್ಪೀಕರ್‌ಗೆ ಎಷ್ಟು?

ಮನೆಗೆ ಸರೌಂಡ್ ಸೌಂಡ್ ಹಾಕಿಸಲು ಹೊರಟವರು ಮೊದಲು ಕೇಳುವುದು ‘ಯಾವ ರಿಸೀವರ್ ಒಳ್ಳೆಯದು?’ ಎಂದು. ದುಡ್ಡಿನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೈಸೂರಿನ ನಮ್ಮ ಮನೆಯ 12 ಅಡಿಗೆ 15 ಅಡಿಯ ಹಾಲ್‌ಗೆ ನಾನು ತೆಗೆದಿಟ್ಟದ್ದು 1,20,000 ರೂಪಾಯಿ. ಅದರಲ್ಲಿ ರಿಸೀವರ್‌ಗೆ ಹೋದದ್ದು 42,000. ಐದು ಸ್ಪೀಕರ್‌ಗೆ 50,000, ಸಬ್‌ವೂಫರ್‌ಗೆ 20,000, ವೈರು, ಬನಾನಾ ಪ್ಲಗ್ಗು, ಸ್ಟ್ಯಾಂಡು ಎಲ್ಲ ಸೇರಿ 6,000. ಅಂಗಡಿಯವರು ಹೇಳಿದ ಹಂಚಿಕೆ ಇದಕ್ಕೆ ತದ್ವಿರುದ್ಧವಾಗಿತ್ತು: ರಿಸೀವರ್‌ಗೇ 80,000 ಹಾಕಿ, ಮಿಕ್ಕದ್ದರಲ್ಲಿ ಒಂದು ಸ್ಪೀಕರ್ ಸೆಟ್ ನೋಡೋಣ ಎಂದಿದ್ದರು.

ಅವರ ಮಾತು ಕೇಳದಿರಲು ಕಾರಣವಿದೆ. ರಿಸೀವರ್ ಎಂದರೆ ಅರ್ಧ ಆಂಪ್ಲಿಫೈಯರ್, ಅರ್ಧ ಕಂಪ್ಯೂಟರ್. ಟಿವಿಯಿಂದ, ಪ್ಲೇಯರ್‌ನಿಂದ ಬಂದ ಸಿಗ್ನಲ್ ಬಿಡಿಸಿ, ಯಾವ ಸದ್ದು ಯಾವ ಸ್ಪೀಕರ್‌ಗೆ ಎಂದು ಹಂಚಿ, ಶಕ್ತಿ ತುಂಬಿ ಕಳಿಸುವುದು ಅದರ ಕೆಲಸ. ಆಂಪ್ಲಿಫೈಯರ್ ಭಾಗ ಬೇಗ ಹಳತಾಗುವುದಿಲ್ಲ, ಕಂಪ್ಯೂಟರ್ ಭಾಗ ಆಗುತ್ತದೆ. 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ, ಟಿವಿಯ ಸದ್ದನ್ನು ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ಮರಳಿಸುವ ಎಆರ್‌ಸಿ ಬಂತು, 2012ರಲ್ಲಿ ಥಿಯೇಟರ್‌ಗಳಿಗೆ ಡಾಲ್ಬಿ ಅಟ್ಮಾಸ್ ಬಂತು, 2017ರ ಎಚ್‌ಡಿಎಂಐ 2.1ರಲ್ಲಿ ಎಆರ್‌ಸಿಯ ಸುಧಾರಿತ ರೂಪ ಇಎಆರ್‌ಸಿ ಬಂತು. ಇವು ರಿಸೀವರ್‌ಗಳಿಗೆ ಬಂದಾಗಲೆಲ್ಲ ಹಳೆಯ ಮಾಡೆಲ್‌ಗಳು ಹಿಂದೆ ಬಿದ್ದವು. ಸ್ಪೀಕರ್‌ಗೆ ಇದ್ಯಾವುದರ ಗೊಡವೆಯೂ ಇಲ್ಲ. ಇಪ್ಪತ್ತು ವರ್ಷದ ಹಿಂದಿನ ಒಳ್ಳೆಯ ಜೋಡಿಯನ್ನು ಇವತ್ತಿನ ರಿಸೀವರ್‌ಗೆ ಸಿಕ್ಕಿಸಿದರೂ ಹಾಡುತ್ತದೆ. ಶೋರೂಮಿನ ಗೇಟು ದಾಟಿದ ಕೂಡಲೇ ಬೆಲೆ ಇಳಿಯುವ ಕಾರಿನ ಜಾತಿ ಈ ರಿಸೀವರ್. ಹೆಚ್ಚು ದಿನ ಬಾಳುವ ವಸ್ತುವಿಗೆ ಹೆಚ್ಚು ಹಣ ಎಂಬ ಸಾಮಾನ್ಯ ಸೂತ್ರವನ್ನೇ ಇಲ್ಲಿಗೂ ಹಾಕಿಕೊಂಡೆ.

ಇನ್ನು ವ್ಯಾಟ್ ಎಂಬ ಮಾಯೆ. ‘ಸರ್, ಇದು ಸಾವಿರ ವ್ಯಾಟು, ಮನೆಯೇ ಅದುರುತ್ತೆ’ ಎಂದು ಅಂಗಡಿಯ ಹುಡುಗ ತೋರಿಸಿದ ಡಬ್ಬವನ್ನು ತಿರುಗಿಸಿ ಕೆಳಗಿನ ಸಣ್ಣಕ್ಷರ ಓದಿದೆ: 6 ಓಮ್, 1 ಕಿಲೋಹರ್ಟ್ಸ್, ಶೇ 10 ಡಿಸ್ಟಾರ್ಷನ್, ಒಂದು ಚಾನಲ್ ಮಾತ್ರ ಚಾಲೂ. ಅಂದರೆ ಒಂದೇ ಸ್ಪೀಕರ್‌ಗೆ, ಒಂದೇ ಸ್ವರಕ್ಕೆ, ಸದ್ದು ಒಡೆಯುವವರೆಗೂ ಎಳೆದು ಪಡೆದ ಅಂಕಿಯನ್ನು ಚಾನಲ್‌ಗಳ ಸಂಖ್ಯೆಯಿಂದ ಗುಣಿಸಿದ್ದಾರೆ. ನೋಡಬೇಕಾದ ಸಾಲು ಬೇರೆಯದು: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನಲ್ ಒಟ್ಟಿಗೆ ಚಾಲೂ, ಡಿಸ್ಟಾರ್ಷನ್ ಶೇ 0.1ಕ್ಕಿಂತ ಕಡಿಮೆ. ಅಲ್ಲಿ 70 ಅಥವಾ 80 ವ್ಯಾಟ್ ಎಂದಿದ್ದರೆ ನಮ್ಮಂಥ ಹಾಲ್‌ಗೆ ಧಾರಾಳ.

ಲೆಕ್ಕ ಹೀಗೆ. 88 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೇಳುತ್ತದೆ. ಹತ್ತಡಿ ದೂರದ ಸೋಫಾದಲ್ಲಿ ಅದು ಸುಮಾರು 78. ಮಾಮೂಲಿ ಮಾತುಕತೆಯೇ 60ರ ಆಸುಪಾಸು, ಹಾಗಾಗಿ ಧಾರಾವಾಹಿಗೆ, ವಾರ್ತೆಗೆ ಒಂದು ವ್ಯಾಟೂ ಬೇಡ. ಶಕ್ತಿ ಇಮ್ಮಡಿಯಾದಾಗ ಸದ್ದು ಏರುವುದು ಬರೀ 3 ಡೆಸಿಬಲ್, ಆದ್ದರಿಂದ ಬಾಂಬು ಸಿಡಿಯುವ ದೃಶ್ಯಕ್ಕೆ 95 ಡೆಸಿಬಲ್ ಬೇಕೆಂದರೆ 50 ವ್ಯಾಟ್ ಸಾಕು. 80 ವ್ಯಾಟಿನ ಮಾಡೆಲ್‌ಗೂ 100 ವ್ಯಾಟಿನದಕ್ಕೂ ಇರುವ ವ್ಯತ್ಯಾಸ ಒಂದೇ ಡೆಸಿಬಲ್. ಕಿವಿಗೆ ಅಷ್ಟಾಗಿ ತಿಳಿಯದ ಆ ಒಂದು ಡೆಸಿಬಲ್‌ಗೆ ಹದಿನೈದು ಸಾವಿರ ತೆರುವುದು ಯಾಕೆ?

ಅಟ್ಮಾಸ್‌ಗೂ ಇದೇ ಮಾತು. ಸದ್ದು ನೆತ್ತಿಯ ಮೇಲಿಂದ ಬರಬೇಕಾದರೆ ಐದು ಸ್ಪೀಕರ್ ಜೊತೆ ಕನಿಷ್ಠ ಎರಡು ಮೇಲಿನವು ಬೇಕು, ರಿಸೀವರ್ ಏಳು ಚಾನಲ್‌ನದ್ದಾಗಬೇಕು. ನಮ್ಮದು ಬರಿಯ ಆರ್‌ಸಿಸಿ ಸೂರು. ಫಾಲ್ಸ್ ಸೀಲಿಂಗ್ ಇಲ್ಲದೆ ಸ್ಪೀಕರ್ ಹುದುಗಿಸಲಾಗದು. ಬೇಕೇ ಬೇಕೆನ್ನುವವರಿಗೂ ಒಂದು ಉಳಿತಾಯವಿದೆ. ಒಟಿಟಿಯಲ್ಲಿ ಬರುವ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದ್ದು. ಅದನ್ನು ಹೊರಗೆ ಕಳಿಸುವ ಸೌಲಭ್ಯ ಟಿವಿಯಲ್ಲಿದ್ದರೆ ಹಳೆಯ ಎಆರ್‌ಸಿಯೇ ಸಾಕು. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಮಾತ್ರ ಎಆರ್‌ಸಿಯಲ್ಲಿ ಹಾಯುವುದಿಲ್ಲ, ಆದರೆ ಪ್ಲೇಯರ್ ಅನ್ನು ನೇರ ರಿಸೀವರ್‌ಗೆ ಸಿಕ್ಕಿಸಿದರೆ ಆ ತಕರಾರೂ ಮುಗಿಯಿತು. ಇದಕ್ಕೆಂದೇ ಹೊಸ ಟಿವಿ ಕೊಳ್ಳಬೇಕಾಗಿಲ್ಲ.

ಹಣ ಕಟ್ಟುವಾಗ ‘ನೋ ಕಾಸ್ಟ್ ಇಎಂಐ ಮಾಡ್ಕೊಡ್ಲಾ ಸರ್?’ ಎಂಬ ಮಾತು ಬಂದೇ ಬರುತ್ತದೆ. ಶೂನ್ಯ ಬಡ್ಡಿ ಎಂಬುದೊಂದಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಎಂದು ಮೊದಲು ಕಳೆದು, ಆಮೇಲೆ ಕಂತಿನಲ್ಲಿ ಸೇರಿಸುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಫೀ. ‘ಪೂರ್ತಿ ಈಗಲೇ ಕಟ್ಟಿದರೆ ಎಷ್ಟು?’ ಎಂದು ಕೇಳಿದೆ. 2,000 ಇಳಿಯಿತು. ಕಂತಿನ ನಿಜವಾದ ಬೆಲೆ ಅದೇ.

ಅಮೆರಿಕದಲ್ಲಿರುವ ಅಣ್ಣ ‘ಇಲ್ಲಿ ಅಗ್ಗ, ಬರುವಾಗ ತರ್ತೀನಿ ಬಿಡೋ’ ಎಂದಿದ್ದ. ಅಲ್ಲಿಯ ಮಾಡೆಲ್‌ಗಳು ಸಾಮಾನ್ಯವಾಗಿ 120 ವೋಲ್ಟಿನವು, ನಮ್ಮದು 230. ನೇರ ಸಿಕ್ಕಿಸಿದರೆ ಸುಟ್ಟುಹೋದೀತು. ಭಾರದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡರೂ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಬೇಡವೆಂದೆ.

ಸೆಟ್ಟಿಂಗ್‌ಗೆ ಕಾಸು ಖರ್ಚಿಲ್ಲ, ಆದರೆ ಕಾಸಿಗಿಂತ ಹೆಚ್ಚು ಫಲ ಕೊಡುವುದು ಅದೇ. ಮಾತೆಲ್ಲ ಬರುವ ಸೆಂಟರ್ ಸ್ಪೀಕರ್ ಅನ್ನು ಟಿವಿ ಯೂನಿಟ್‌ನ ಗೂಡಿನೊಳಗೆ ತಳ್ಳದೆ ಅಂಚಿಗೆ ಎಳೆದಿಟ್ಟು, ಮೂತಿಯನ್ನು ಕಿವಿಯತ್ತ ತಿರುಗಿಸಿದೆ. ಎಡ ಬಲದವು ನಡುವಿನಿಂದ ತಲಾ 30 ಡಿಗ್ರಿ, ಸರೌಂಡ್ ಎರಡೂ 110 ಡಿಗ್ರಿ, ಅಂದರೆ ಸೋಫಾದ ಪಕ್ಕಕ್ಕಿಂತ ಚೂರು ಹಿಂದೆ. ಸಬ್‌ವೂಫರ್‌ಗೆ ಜಾಗ ಹುಡುಕಲು ಅದನ್ನೇ ಸೋಫಾದಲ್ಲಿ ಕೂರಿಸಿ, ಬೇಸ್ ಇರುವ ಹಾಡು ಹಾಕಿ, ತಂಗಿಯ ಮಗನನ್ನು ಗೋಡೆಯುದ್ದಕ್ಕೂ ಅಂಬೆಗಾಲಿಡಿಸಿದೆ. ‘ಮಾಮ, ಮೂಲೇಲಿ ಬರೀ ಗುಂಯ್ ಅನ್ನತ್ತೆ, ಈ ಬೀರು ಪಕ್ಕ ಸರಿಯಾಗಿದೆ’ ಎಂದ. ಸಬ್‌ವೂಫರ್ ಅಲ್ಲಿಗೇ ಹೋಯಿತು.

ಆಮೇಲೆ ರಿಸೀವರ್ ಜೊತೆ ಬಂದ ಅಳತೆಯ ಮೈಕಿನ ಸರದಿ. ಡೆನಾನ್‌ನಲ್ಲಿ ‘ಆಡಿಸಿ’, ಯಮಹಾದಲ್ಲಿ ‘ವೈಪಿಎಒ’ ಎನ್ನುವ ಈ ವ್ಯವಸ್ಥೆ ಪ್ರತಿ ಸ್ಪೀಕರ್‌ನಿಂದ ಸದ್ದು ಹೊರಡಿಸಿ, ದೂರ ಅಳೆದು, ಕೋಣೆಗೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಮೈಕನ್ನು ಕೈಯಲ್ಲಿ ಹಿಡಿಯಬಾರದು, ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕಿರಬೇಕು, ಫ್ಯಾನ್ ಆರಿಸಿರಬೇಕು. ‘ಅಮ್ಮ, ಹತ್ತು ನಿಮಿಷ ಕುಕ್ಕರ್ ಇಡಬೇಡ’ ಎಂದರೆ, ‘ನಿನ್ನ ಪೆಟ್ಟಿಗೆ ಕೂಗಿದ್ರೆ ಹೊಟ್ಟೆ ತುಂಬತ್ತಾ?’ ಎಂದರು. ಆದರೂ ತಡೆದರು. ಮುಗಿದ ಮೇಲೆ ಮೆನುವಿನಲ್ಲಿ ಸ್ಪೀಕರ್‌ಗಳೆಲ್ಲ ‘ಸ್ಮಾಲ್’, ಕ್ರಾಸ್‌ಓವರ್ (ಬೇಸ್ ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಸ್ ಎಂದು ಖಾತ್ರಿ ಮಾಡಿಕೊಂಡೆ. ಟಿವಿಯ ಆಡಿಯೊ ಔಟ್‌ಪುಟ್ ಪಿಸಿಎಂನಲ್ಲಿದ್ದರೆ ಎಆರ್‌ಸಿಯಲ್ಲಿ ಎರಡೇ ಚಾನಲ್ ಬರುತ್ತವೆ, ಹಿಂದಿನ ಸ್ಪೀಕರ್‌ಗಳು ತೆಪ್ಪಗಿರುತ್ತವೆ. ಅದನ್ನು ಬಿಟ್‌ಸ್ಟ್ರೀಮ್‌ಗೆ ಬದಲಿಸಬೇಕು. ರಿಸೀವರ್‌ನ ನೆತ್ತಿಯ ಮೇಲೆ ನಾಲ್ಕೈದು ಇಂಚು ಖಾಲಿ ಬಿಡಿ, ಅದರ ಮೇಲೆ ಸೆಟ್-ಟಾಪ್ ಬಾಕ್ಸ್ ಇಡಬೇಡಿ.

ಇಷ್ಟಾದ ಮೇಲೂ ಈ ರಿಸೀವರ್ ಒಂದು ದಿನ ಹಳತಾಗುತ್ತದೆ. ಅದಕ್ಕೆಂದೇ ತಿಂಗಳಿಗೆ 600 ರೂಪಾಯಿಯ ಆರ್‌ಡಿ ತೆರೆದಿದ್ದೇನೆ. ಆರು ವರ್ಷಕ್ಕೆ ಅಸಲೇ 43,200 ಆಗುತ್ತದೆ. ಅಷ್ಟರೊಳಗೆ ಹೊಸ ರಿಸೀವರ್ ನಿಜಕ್ಕೂ ಬೇಕೆನಿಸಿದರೆ ದುಡ್ಡು ಸಿದ್ಧ. ಬೇಡವೆನಿಸಿದರೆ ಅಡುಗೆಮನೆಗೊಂದು ಚಿಮಣಿ ಬರುತ್ತದೆ. ಕುಕ್ಕರ್ ತಡೆಹಿಡಿದವರ ಬೇಡಿಕೆಯೂ ಅದೇ.