ಎಣಿಕೆ ಮತ್ತು ಅರಿವು

ಒಂದು ಸಮಾಜವನ್ನು ತಿಳಿಯುವುದೆಂದರೇನು? ಅಲ್ಲಿಯ ಜನರನ್ನು ಎಣಿಸಿದರೆ ಸಾಕೆ, ಅಥವಾ ಅವರೊಡನೆ ಬಾಳಿ ಅವರ ಮನಸ್ಸನ್ನು ಅರಿಯಬೇಕೆ? ಈ ಪ್ರಶ್ನೆಯಿಂದಲೇ ಸಮಾಜಶಾಸ್ತ್ರದಲ್ಲಿ ಪರಿಮಾಣಾತ್ಮಕ ಹಾಗೂ ಗುಣಾತ್ಮಕ ಎಂಬ ಎರಡು ಸಂಶೋಧನಾ ಮಾರ್ಗಗಳು ರೂಪುಗೊಂಡವು.

ಸಮಾಜದ ಸಂಗತಿಗಳನ್ನು ವಸ್ತುಗಳಂತೆ ಹೊರಗೆ ನಿಂತು ಪರೀಕ್ಷಿಸಬೇಕೆಂದು ಫ್ರಾನ್ಸಿನ ಎಮಿಲ್ ಡರ್ಖೈಮ್ 1895ರಲ್ಲಿ ಪ್ರತಿಪಾದಿಸಿದನು. ಸಮಾಜವು ವ್ಯಕ್ತಿಯ ಇಷ್ಟಾನಿಷ್ಟಗಳನ್ನು ಮೀರಿದ ವಾಸ್ತವವೆಂಬುದು ಈ ಮತದ ತಳಹದಿ. ವಾಸ್ತವವಾದುದನ್ನು ಅಳೆಯಬಹುದು, ಒಬ್ಬರ ಅಳತೆಯನ್ನು ಇನ್ನೊಬ್ಬರು ಪರೀಕ್ಷಿಸಬಹುದು. ಜರ್ಮನಿಯ ಮ್ಯಾಕ್ಸ್ ವೆಬರನಾದರೋ, ಮನುಷ್ಯನು ತನ್ನ ಕ್ರಿಯೆಗೆ ಅರ್ಥವನ್ನು ಕಲ್ಪಿಸಿಕೊಳ್ಳುವವನು, ಆ ಅರ್ಥವನ್ನು ಗ್ರಹಿಸದೆ ಕ್ರಿಯೆಯು ತಿಳಿಯದು ಎಂದನು.

ಒಂದು ನಿದರ್ಶನವನ್ನು ನೋಡೋಣ. 1951ರ ಜನಗಣತಿಯಂತೆ ಭಾರತದಲ್ಲಿ ನೂರು ಪುರುಷರಲ್ಲಿ ಸುಮಾರು 27 ಮಂದಿ ಅಕ್ಷರಸ್ಥರಾಗಿದ್ದರು. ನೂರು ಸ್ತ್ರೀಯರಲ್ಲಿ 9 ಮಂದಿಯೂ ಇರಲಿಲ್ಲ. ದೇಶವ್ಯಾಪಿಯಾದ ಈ ಅನ್ಯಾಯವನ್ನು ಒಂದೇ ಊರಿನಲ್ಲಿ ಕುಳಿತವನು ಕಾಣಲಾರ. ಅದನ್ನು ಕಾಣಿಸಿದ್ದು ಎಣಿಕೆ. ಆದರೆ ತಂದೆಯೊಬ್ಬನು ಮಗನನ್ನು ಶಾಲೆಗೆ ಕಳುಹಿಸಿ ಮಗಳನ್ನು ಮನೆಯಲ್ಲಿ ಉಳಿಸಿಕೊಂಡುದೇಕೆ? ಬಡತನವೇ, ಲೋಕಾಪವಾದದ ಭಯವೇ, ರೂಢಿಯೇ? ಇದನ್ನು ಆ ಮನೆಯವರ ಮಾತಿನಿಂದಲೇ ಅರಿಯಬೇಕು.

ಎಣಿಕೆಗೂ ಒಂದು ತೊಡಕುಂಟು. 1901ರ ಜನಗಣತಿಯಲ್ಲಿ ಹರ್ಬರ್ಟ್ ರಿಸ್ಲಿ ಎಂಬ ಅಧಿಕಾರಿಯು ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟನು. ಒಡನೆಯೇ ಅನೇಕ ಜಾತಿಗಳವರು ಮೇಲಿನ ಸ್ಥಾನವನ್ನು ಕೋರಿ ಅರ್ಜಿ ಸಲ್ಲಿಸಿದರು. ಅಳತೆಗೋಲನ್ನು ಕಂಡು ಕಲ್ಲು ತನ್ನ ನಿಲುವನ್ನು ಬದಲಿಸದು, ಮನುಷ್ಯನು ಬದಲಿಸುತ್ತಾನೆ.

ಹಾಗೆಂದು ಒಳಗಿನ ನೋಟವು ದೋಷರಹಿತವಲ್ಲ. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ಅದನ್ನು 'ರಾಂಪುರ'ವೆಂದು ಕರೆದು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳು ಆಹುತಿಯಾದವು. ಅವರು ಎದೆಗುಂದದೆ, ಬಹುಮಟ್ಟಿಗೆ ನೆನಪನ್ನೇ ನೆಚ್ಚಿ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಮೇಲುಜಾತಿಯವರ ನಡುವೆ ವಾಸಿಸಿದ್ದುದರಿಂದ ತಮ್ಮ ನೋಟಕ್ಕೆ ಮಿತಿಯುಂಟಾಯಿತೆಂಬುದನ್ನು ಅವರು ಮರೆಮಾಚಲಿಲ್ಲ. ನೋಡುವವನು ಎಲ್ಲಿ ನಿಂತು ನೋಡಿದನೆಂಬುದೂ ಸತ್ಯದ ಒಂದು ಭಾಗವೇ ಸರಿ.

ಎಣಿಕೆಯು ಅನ್ಯಾಯದ ಹರವನ್ನು ತೋರಿಸುತ್ತದೆ. ಅರಿವು ಅದರ ಬೇರನ್ನು ತೋರಿಸುತ್ತದೆ. ಹರವನ್ನು ಕಾಣದವನು ಒಂದು ಮನೆಯ ದುಃಖವನ್ನೇ ಲೋಕವೆಂದು ಬಗೆದಾನು. ಬೇರನ್ನು ಕಾಣದವನು ಶಾಲೆಯನ್ನು ಕಟ್ಟಿಸಿಯೂ ಆ ಮಗಳನ್ನು ಅಲ್ಲಿಗೆ ಕರೆತರಲಾರನು.