ದನ ಕಾಯಲು ಡ್ರೋನ್: ಹುಡುಕಲು ಸೈ, ಅಟ್ಟಲು ಬೇಡ



ಹಾಲು ಕರೆಯುವ ಮಿಶ್ರತಳಿ ಹಸುಗಳನ್ನು ನಾವು ಸಾಮಾನ್ಯವಾಗಿ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುತ್ತೇವೆ. ಆದರೆ ಕಡಸುಗಳು, ಬತ್ತಿದ ಹಸುಗಳು ಮತ್ತು ನಾಟಿ ದನಗಳು ಬಯಲಿಗೆ ಹೋಗುವುದುಂಟು. ಆಂಡರ್ಸನ್‌ಪೇಟೆಯ ಸುತ್ತಲಿನ ಬಯಲು ಬರೀ ಹುಲ್ಲುಗಾವಲಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೂ ಹಳೆಯ ಗಣಿಬಾವಿಗಳು, ಸೈನೈಡ್ ಗುಡ್ಡಗಳು ಹಾಗೆಯೇ ಉಳಿದಿವೆ. ಹೊತ್ತು ಮುಳುಗಿದರೂ ಕಡಸು ಮನೆಗೆ ಬಾರದಿದ್ದರೆ ಎದೆ ಡವಗುಟ್ಟುವುದು ಇದರಿಂದಲೇ. ಈ ಕೆಲಸಕ್ಕೆ ಡ್ರೋನ್ ಬಂದೀತೇ? ತಿಳಿಯೋಣ.

ಹೊರದೇಶಗಳಲ್ಲಿ

ನ್ಯೂಜಿಲೆಂಡ್‌ನಲ್ಲಿ ಕೆಲವು ರೈತರು ಡ್ರೋನಿಗೆ ಧ್ವನಿವರ್ಧಕ ಕಟ್ಟಿ, ನಾಯಿ ಬೊಗಳುವ ಸದ್ದು ಹಾಕಿ ಕುರಿಮಂದೆಯನ್ನು ನಡೆಸುತ್ತಾರೆ. ಆಸ್ಟ್ರೇಲಿಯದ ವಿಶಾಲ ಬಯಲುಗಳಲ್ಲೂ ದನ ಕೂಡಿಹಾಕಲು ಇದರ ಬಳಕೆಯಿದೆ. ಅಲ್ಲಿನವು ಹೆಚ್ಚಾಗಿ ಮಾಂಸಕ್ಕೂ ಉಣ್ಣೆಗೂ ಸಾಕಿದ ದೊಡ್ಡ ಮಂದೆಗಳು. ನಮ್ಮದು ಎರಡು ಮೂರು ರಾಸುಗಳ ಹೈನುಗಾರಿಕೆ. ಈ ವ್ಯತ್ಯಾಸ ಮರೆಯಬಾರದು.

ಬೆದರಿದ ಹಸು ಹಾಲು ಕೊಡದು

ದನಗಳ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ನಮಗೆ ಕೇಳಿಸದ ಕೀರಲು ಸದ್ದೂ ಅವಕ್ಕೆ ಕೇಳಿಸುತ್ತದೆ. ತಲೆಯ ಮೇಲೆ ಗುಂಯ್‌ಗುಡುವ ವಸ್ತು ಬಂದರೆ ಬೆದರುವುದು ಸಹಜ. ಕೆಚ್ಚಲು ಸವರಿದಾಗ ಹಸುವಿನ ದೇಹದಲ್ಲಿ ಆಕ್ಸಿಟೋಸಿನ್ ಎಂಬ ಚೋದಕ ರಸ ಹುಟ್ಟಿ ಹಸು ಸೊರ ಬಿಡುತ್ತದೆ. ಬೆದರಿದಾಗ ಹುಟ್ಟುವ ಅಡ್ರಿನಲಿನ್ ಇದನ್ನು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿದರೆ ಇಳುವರಿ ಕಡಿಮೆಯಾಗುವುದಲ್ಲದೆ ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ತುಂಬು ಗಬ್ಬದ ಹಸು ಓಡಿ ಬಿದ್ದರೆ ಆಗುವ ನಷ್ಟವನ್ನು ಹೇಳಬೇಕಾಗಿಲ್ಲ. ಗಣಿಬಾವಿಗಳಿರುವ ಕಡೆ ಅಟ್ಟಿದರೆ, ಯಾವ ಅಪಾಯದಿಂದ ಕಾಯಬೇಕೆಂದು ಹೊರಟೆವೋ ಅದರ ಬಾಯಿಗೇ ದನವನ್ನು ನೂಕಿದಂತೆ!

ಅನುಸರಿಸಬೇಕಾದ ಕ್ರಮ

1. ಡ್ರೋನನ್ನು ದನ ಎಲ್ಲಿದೆಯೆಂದು ನೋಡಲು ಮಾತ್ರ ಬಳಸಿರಿ. ಹೊಡೆದು ತರಲು ದನಗಾಹಿಯೇ ಹೋಗಲಿ.

2. ಮೊದಲ ದಿನಗಳಲ್ಲಿ ದೂರದಲ್ಲಿ, ಎತ್ತರದಲ್ಲಿ ಹಾರಿಸಿ ರೂಢಿ ಮಾಡಿಸಿರಿ. ದನ ಮೇವು ಬಿಟ್ಟು ತಲೆಯೆತ್ತಿದರೆ ಕೂಡಲೇ ಹಿಂದೆ ಸರಿಸಿರಿ.

3. ಕರೆಯುವ ಹೊತ್ತಿನಲ್ಲಿ ಕೊಟ್ಟಿಗೆಯ ಹತ್ತಿರ ಹಾರಿಸಬೇಡಿರಿ.

4. ಸಣ್ಣ ಡ್ರೋನಿನ ಬ್ಯಾಟರಿ ಸುಮಾರು ಅರ್ಧ ಗಂಟೆಯಷ್ಟೇ ಬರುತ್ತದೆ. ಕತ್ತಲಾಗುವ ಮುಂಚೆಯೇ ಹುಡುಕಿರಿ.

5. ದನಗಾಹಿ ದನದ ಭುಜದ ಹಿಂದೆ, ಪಕ್ಕಕ್ಕೆ ನಿಂತರೆ ಅದು ಮುಂದೆ ನಡೆಯುತ್ತದೆ. ಭುಜದ ಮುಂದೆ ಬಂದರೆ ನಿಲ್ಲುತ್ತದೆ. ನೇರ ಬೆನ್ನ ಹಿಂದೆ ನಿಂತವರು ಅದಕ್ಕೆ ಕಾಣಿಸರು.

6. ಸೈನೈಡ್ ಗುಡ್ಡದ ಬುಡದಲ್ಲಿ ನಿಂತ ನೀರನ್ನು ದನಗಳಿಗೆ ಕುಡಿಯಗೊಡಬೇಡಿರಿ.

ಕಾನೂನು

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂನಿಂದ 2 ಕಿಲೋ ತೂಕದ ಡ್ರೋನಿಗೆ ನೋಂದಣಿ ಸಂಖ್ಯೆ ಪಡೆಯಬೇಕು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಅನುಮತಿ ಬೇಡ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ತಮ್ಮ ಜಾಗ ಯಾವ ವಲಯದಲ್ಲಿದೆಯೆಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿರಿ.

ಎರಡು ಹಸುವಿಗಾಗಿ ಒಬ್ಬರೇ ಡ್ರೋನ್ ಕೊಳ್ಳುವುದು ಲಾಭದಾಯಕವಲ್ಲ. ಹತ್ತಾರು ಸದಸ್ಯರು ಕೂಡಿ ಒಂದನ್ನು ಇಟ್ಟುಕೊಳ್ಳುವ ಬಗ್ಗೆ ಸಂಘದ ಸಭೆಯಲ್ಲಿ ಚರ್ಚಿಸಬಹುದು. ಅಲ್ಲಿಯವರೆಗೆ ಕಡಸಿನ ಕೊರಳಿಗೊಂದು ಗಂಟೆ, ಜೊತೆಗೊಬ್ಬ ದನಗಾಹಿ ಇರಲಿ.